ನಲವತ್ತು ಮೀಟರಿನ ಶಾಲೆ

ಮರಾಠಿ ನಾಡಿನ ಬೇಲಾಪುರದ ಗುಡ್ಡದ ಬುಡದಲ್ಲಿ ಒಂದು ಸರಕಾರಿ ಕನ್ನಡ ಹೈಸ್ಕೂಲಿತ್ತು. ಮೂರು ಕೋಣೆ, ಮೂವತ್ತೆಂಟು ಮಕ್ಕಳು. ಹೆಚ್ಚಿನವರು ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳು. ಮಳೆಗಾಲಕ್ಕೆ ಮುಂಚೆ ಮುಖ್ಯೋಪಾಧ್ಯಾಯಿನಿ ಶೋಭಾ ಟೀಚರ್ ನಮ್ಮ ಕನ್ನಡ ಸಂಘಕ್ಕೆ ಬಂದು, ಒಂಬತ್ತನೇ ಕ್ಲಾಸಿನ ಮಾಡು ಸೋರುತ್ತದೆ, ಆರು ತಗಡು ಕೊಡಿಸಿ ಎಂದರು.

ಸಂಘದ ಶಿಕ್ಷಣ ಸಮಿತಿಗೆ ನಾನೇ ಅಧ್ಯಕ್ಷ. ಹಡಗು ಕಂಪನಿಯೊಂದರಲ್ಲಿ ಮೂವತ್ತು ವರ್ಷ ಫೈಲು ನೋಡಿ ನಿವೃತ್ತನಾದವನು. ಆರು ತಗಡಿಗೆ ಫೈಲು ಬೇಕಾಗುವುದಿಲ್ಲ. ನನಗೆ ಬೇಸರವಾದದ್ದು ಅದಕ್ಕೇ.

ಪರಿಚಯದವರ ಮೂಲಕ ಒಂದು ಕಂಪನಿಗೆ ಹೋದೆ. ದಾನದ ಹಣ ನೋಡಿಕೊಳ್ಳುವ ಹುಡುಗಿ ನನ್ನ ಅರ್ಜಿ ಓದಿ, "ಅಂಕಲ್, ರಿಪೇರಿಗೆ ನಾವು ಕೊಡಲ್ಲ. ಹೊಸದಾಗಿ ಕಟ್ಟೋದಾದ್ರೆ ಕೊಡಬಹುದು. ಆದ್ರೆ ಒಂದು ಥೀಮ್ ಬೇಕು," ಎಂದಳು.

ಥೀಮ್ ಎಂದರೇನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕಿಟಕಿಯಾಚೆ ನೋಡಿದೆ. ಹತ್ತಿರದಲ್ಲೇ ಹೊಸ ವಿಮಾನ ನಿಲ್ದಾಣ ಏಳುತ್ತಿತ್ತು. "ವಿಮಾನ," ಎಂದೆ.

ಹಾಗೆ ಹುಟ್ಟಿತು ದೇಶದ ಮೊತ್ತಮೊದಲ ಕನ್ನಡ ವಿಮಾನಶಾಲೆ. ಗುಂಡಗಿನ ಕಿಟಕಿ, ರೆಕ್ಕೆಯಾಕಾರದ ಚಾವಣಿ, ಬಿಡಿಭಾಗ ಬಿಚ್ಚಿ ಜೋಡಿಸಿ ಕಲಿಯಲು ಹಳೆಯ ಎಂಜಿನ್ ಇಟ್ಟ ವರ್ಕ್‌ಶಾಪು, ಎಲ್ಲದರ ಮೇಲೊಂದು ಕಂಟ್ರೋಲ್ ಟವರು. ಟವರು ನನ್ನ ಸ್ವಂತ ಕಲ್ಪನೆ.

ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದಾಗ ಹೆಂಡತಿ ಸುಮತಿ ಸಾರಿನ ಪಾತ್ರೆ ಕೈಯಲ್ಲೇ ಹಿಡಿದು ನಿಂತಳು. "ಅವ್ರು ಕೇಳಿದ್ದು ತಗಡು ಅಲ್ವಾ? ತಗಡು ಕೊಟ್ಟು ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ."

"ನಿನಗೆ ದೂರದೃಷ್ಟಿ ಇಲ್ಲ," ಎಂದೆ.

"ಇಲ್ಲ. ಆ ನಕ್ಷೆ ತೆಗೀರಿ, ಸಾರು ಇಡ್ಬೇಕು."

ಪಾಲಕರ ಸಭೆ ಕರೆದೆವು. ಹತ್ತೇ ಜನ ಬಂದರು. ಅವರಲ್ಲಿ ಮಹಾದೇವಿ ಎಂಬವಳು ಅದೇ ವಿಮಾನ ನಿಲ್ದಾಣದಲ್ಲಿ ಕಾಂಕ್ರೀಟು ಹೊರುತ್ತಿದ್ದಳು. ಅವಳ ಮಗಳು ರೇಣುಕಾ ಒಂಬತ್ತನೇ ಕ್ಲಾಸು, ಲೆಕ್ಕದಲ್ಲಿ ಶಾಲೆಗೇ ಮೊದಲಿಗಳು.

"ನಮ್ಮ ರೇಣುಕಾಗ ಅಲ್ಲಿ ಒಳಗ ಕೆಲಸ ಸಿಗತದೇನ್ರೀ ಸರ?" ಎಂದು ಕೇಳಿದಳು. "ಹೊರಗಿಂದಲ್ರಿ. ನೆರಳಾಗ ನಿಂತು ಮಾಡೂ ಕೆಲಸ."

"ಖಂಡಿತ ಸಿಗುತ್ತದೆ," ಎಂದೆ. ಅಷ್ಟು ಧೈರ್ಯವಾಗಿ ನಾನು ನನ್ನ ಮಗನ ವಿಷಯದಲ್ಲೂ ಮಾತಾಡಿದವನಲ್ಲ.

ಕಂಪನಿಯ ಷರತ್ತು ಒಂದೇ: ಮಾರ್ಚ್ ಒಳಗೆ ಕೆಲಸ ಶುರುವಾಗಿರಬೇಕು. ಶುರುವಾಗಿದೆ ಎಂದು ತೋರಿಸಲು ಅತ್ಯಂತ ಸುಲಭದ ದಾರಿ ಹಳೆಯದನ್ನು ಕೆಡವುವುದು. ಅದಕ್ಕೆ ಮೇಲಿನಿಂದ ಒಪ್ಪಿಗೆ ತಂದವನೂ ನಾನೇ.

ಶೋಭಾ ಟೀಚರ್ ಹಿಂಜರಿದರು. "ಕಟ್ಟೋ ಪರ್ಮಿಷನ್ ಮೊದಲು ಕೈಗೆ ಬರಲಿ ಸರ್."

"ಬಂದ ಹಾಗೇ ಲೆಕ್ಕ ಟೀಚರ್," ಎಂದೆ.

ಜೆಸಿಬಿಗೆ ಮೂರು ಕೋಣೆ ಒಂದು ಬೆಳಗಿನ ಕೆಲಸ. ನಾನು ಫೋಟೋ ತೆಗೆದು ಕಂಪನಿಗೆ ಕಳಿಸಿದೆ. ಮಕ್ಕಳನ್ನು ಹೆದ್ದಾರಿಯಾಚೆ ಇನ್ನೊಂದು ಶಾಲೆಯ ಹಾಲಿಗೆ, ಮಧ್ಯಾಹ್ನದ ಪಾಳಿಗೆ, ತಾತ್ಕಾಲಿಕವಾಗಿ ಕಳಿಸಿದೆವು.

ಇನ್ನು ಅರ್ಜಿ. ವಿಮಾನ ನಿಲ್ದಾಣದ ಸುತ್ತ ಏನು ಕಟ್ಟುವುದಾದರೂ ಎತ್ತರಕ್ಕೆ ಪರವಾನಗಿ ಬೇಕು. ಆರ್ಕಿಟೆಕ್ಟ್ ತಾನೇ ತುಂಬುತ್ತೇನೆ ಎಂದ. ಮೂವತ್ತು ವರ್ಷ ಫಾರ್ಮು ತುಂಬಿದವನಿಗೆ ಇದು ಅವಮಾನ. ನಾನೇ ಕೂತು ತುಂಬಿದೆ. ಟವರು ಸೇರಿ ಶಾಲೆಯ ಎತ್ತರ ನಲವತ್ತು ಅಡಿ. ನಲವತ್ತು ಎಂದು ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ.

ಎರಡು ತಿಂಗಳ ಮೇಲೆ ಅರ್ಜಿ ತಿರಸ್ಕೃತವಾಯಿತು. ಕಚೇರಿಗೆ ಓಡಿದೆ. ಗುಮಾಸ್ತ ಕನ್ನಡಕ ಏರಿಸಿ, "ಕಾಕಾ, ಚಾಲೀಸ್ ಮೀಟರ್? ಸ್ಕೂಲ್ ಹೈ ಯಾ ಟವರ್ ಹೈ?" ಎಂದ.

"ಟವರ್ ಭೀ ಹೈ," ಎಂದೆ.

ಅವನು ಕಾಗದವನ್ನು ನನ್ನತ್ತ ತಿರುಗಿಸಿ ಬೆರಳಿಟ್ಟು ತೋರಿಸಿದ. ಕಾಲಮ್ಮಿನ ಮೇಲೆ 'ಮೀಟರ್' ಎಂದು ಅಚ್ಚಾಗಿತ್ತು. ನಮ್ಮ ಮೂವತ್ತೆಂಟು ಮಕ್ಕಳಿಗೆ ನಾನು ಹದಿಮೂರು ಮಾಳಿಗೆಯಷ್ಟು ಎತ್ತರದ ಶಾಲೆ ಕೇಳಿದ್ದೆ, ಅದೂ ವಿಮಾನ ಇಳಿಯುವ ದಾರಿಯಲ್ಲಿ. ವಿಮಾನಶಾಲೆಗೆ ವಿಮಾನವೇ ಬಂದು ಹೊಡೆಯುವಷ್ಟು ಒಳ್ಳೆಯ ಥೀಮು ಕಂಪನಿಯವರೂ ಯೋಚಿಸಿರಲಿಕ್ಕಿಲ್ಲ.

ಮತ್ತೆ ಅರ್ಜಿ ಹಾಕಿದೆವು. ಅದು ಮಂಜೂರಾಗುವ ಹೊತ್ತಿಗೆ ಮಾರ್ಚ್ ದಾಟಿತ್ತು. ಬರೀ ಕೆಡವಿದ್ದು ಕೆಲಸ ಶುರುವಾದ ಲೆಕ್ಕಕ್ಕೆ ಬರಲ್ಲ, ಹಣ ಗಿಡ ನೆಡುವುದಕ್ಕೆ ಹೋಗಿದೆ, ಸಾರಿ ಅಂಕಲ್, ಎಂದಳು ಕಂಪನಿಯ ಹುಡುಗಿ. ಹೆದ್ದಾರಿ ದಾಟಿ ಬರುವ ಮಕ್ಕಳು ಮಳೆಗಾಲದಲ್ಲಿ ಹತ್ತೊಂಬತ್ತಾದರು, ದೀಪಾವಳಿಯ ನಂತರ ಏಳು. ಏಳು ಮಕ್ಕಳಿಗೆ ಶಾಲೆ ನಡೆಸುವುದಿಲ್ಲವೆಂದು ಆದೇಶ ಬಂತು. ಶೋಭಾ ಟೀಚರಿಗೆ ಠಾಣೆ ಪಟ್ಟಣದ ಶಾಲೆಗೆ ವರ್ಗವಾಯಿತು. ಹೋಗುವಾಗ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಮಹಾದೇವಿ ಟಿಟ್ವಾಳಾದಲ್ಲಿ ತಮ್ಮನ ಮನೆ ಸೇರಿದ್ದಾಳೆಂದು ತಿಳಿಯಿತು. ರೇಣುಕಾಳನ್ನು ಬೇರೆ ಶಾಲೆಗಾದರೂ ಸೇರಿಸೋಣವೆಂದು ಹುಡುಕಿಕೊಂಡು ಹೋದೆ. ಹುಡುಗಿ ಬಾಗಿಲಲ್ಲಿ ಕೂತು ಬಾಲ್‌ಪೆನ್ನುಗಳಿಗೆ ರಿಫಿಲ್ಲು ತುಂಬಿ ಮುಚ್ಚಳ ಹಾಕುತ್ತಿದ್ದಳು. ನೆರಳಿನಲ್ಲಿ ಕೂತು ಮಾಡುವ ಕೆಲಸ.

"ಯಾವುದಾದರೂ ಶಾಲೆಗೆ ಹೋಗುತ್ತೀಯಾ ಮಗಾ?" ಎಂದೆ.

"ಇಧರ್ ಮರಾಠಿ ಮೀಡಿಯಂ ಹೈ ಸರ್. ಬೋಲ್‌ನಾ ಆತಾ ಹೈ, ಲಿಖ್‌ನಾ ನಹೀ," ಎಂದಳು, ತಲೆಯೆತ್ತದೆ. ಮಾತಾಡಲು ಬರುತ್ತದೆ, ಬರೆಯಲು ಬಾರದು.

ಮಹಾದೇವಿ ಚಹಾ ತಂದಿಟ್ಟಳು. ನಾನು ವಿಮಾನಶಾಲೆಯ ಕಥೆಯನ್ನೆಲ್ಲ ವಿವರಿಸಿದೆ. ಅಡಿ, ಮೀಟರು, ಮಾರ್ಚ್, ಎಲ್ಲವನ್ನೂ. ಅವಳು ಸಮಾಧಾನದಿಂದ ಕೇಳಿದಳು.

"ಅದೆಲ್ಲ ಇರ್ಲಿ ಬಿಡ್ರಿ ಸರ," ಎಂದಳು. "ನಡಕೊಂಡು ಹೋಗೂ ಸಾಲಿ ಒಂದಿತ್ತು. ಅದನ್ಯಾಕ ಕೆಡವಿದ್ರಿ?"

ಚಹಾ ಕುಡಿದು ಮುಗಿಸಿದೆ.

ಸ್ಟೇಷನ್ನಿಗೆ ಬಂದು, ಎದುರಿಗೆ ನಿಂತಿದ್ದ ಗಾಡಿ ಹತ್ತಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ, ಮನೆಯ ದಾರಿಯಲ್ಲಿ ಸಿಗುವ ಕಲ್ಯಾಣ ಇನ್ನೆಷ್ಟು ದೂರ ಎಂದು ಪಕ್ಕದವನನ್ನು ಕೇಳಿದೆ. "ಅಂಕಲ್, ಯೇ ಕಸಾರಾ ಗಾಡಿ ಹೈ. ಕಲ್ಯಾಣ್ ಪೀಛೆ ಗಯಾ," ಎಂದ. ಕಲ್ಯಾಣವನ್ನು ಹಿಂದೆ ಬಿಟ್ಟು ನಾನು ಎದುರು ದಿಕ್ಕಿಗೆ ಹೋಗುತ್ತಿದ್ದೆ. ಮುಂದಿನ ಸ್ಟೇಷನ್ ಖಡವಲಿಯಲ್ಲಿ ಇಳಿಯಲು ಎದ್ದೆ. ಬಾಗಿಲು ತಲುಪುವುದರೊಳಗೆ ಗಾಡಿ ಹೊರಟಿತು. ವಾಸಿಂದದಲ್ಲಿ ಇಳಿದು ಬೆಂಚಿನ ಮೇಲೆ ಕೂತಾಗ ಸುಮತಿಯ ಫೋನು ಬಂತು.

"ಎಲ್ಲಿಗೆ ಮುಟ್ಟಿದ್ರಿ?"

"ವಾಸಿಂದ್."

"ಅದೆಲ್ಲಿ ಉಂಟು?"

"ಅದನ್ನೇ ನೋಡ್ತಾ ಇದ್ದೇನೆ," ಎಂದೆ.