ತಾಟಿನ ಪಕ್ಕದ ಕಾದಂಬರಿ

ನಾನು ಹುಟ್ಟಾ ಸಸ್ಯಾಹಾರಿ. ಕೊರಳಲ್ಲಿ ಇಷ್ಟಲಿಂಗವಿದೆ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿಲ್ಲ. ಆದರೆ ಕಾದಂಬರಿಯೊಳಗೆ ಹೊಕ್ಕೆನೆಂದರೆ ನಾನು ಯಾವುದನ್ನೂ ಬಿಡುವವನಲ್ಲ. ನಾಯಕ ನಾಯಕಿ ಕೂಡಿದರೋ ಅಗಲಿದರೋ ಮರೆತುಬಿಡುತ್ತೇನೆ, ಅವರ ಮದುವೆಯಲ್ಲಿ ಬಡಿಸಿದ್ದೆಲ್ಲ ಸಾಲಾಗಿ ನೆನಪಿರುತ್ತದೆ. ಕಥೆಯಲ್ಲಿ ಯಾರಾದರೂ ಸತ್ತರೆ ಬೇಗಬೇಗ ಪುಟ ತಿರುವುತ್ತೇನೆ, ಒಲೆ ಹಚ್ಚಿದರೆ ನಿಧಾನಿಸುತ್ತೇನೆ. ಪುಸ್ತಕದ ಊಟದಲ್ಲಿ ಉಪ್ಪು ಹೆಚ್ಚಾಗುವುದಿಲ್ಲ, ಶುಗರ್ ಏರುವುದಿಲ್ಲ, ತಾಟು ತೊಳೆಯುವ ತಂಟೆಯೂ ಇಲ್ಲ. ಇದಕ್ಕಿಂತ ಸುಖ ಇನ್ನೇನು ಬೇಕು ಹೇಳಿ!

ಚಿತ್ತಾಪುರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಮನೆಯಲ್ಲಿ ಉಣ್ಣುವಾಗ ತಾಟಿನ ಎಡಕ್ಕೆ ಕಾದಂಬರಿ ಇರಲೇಬೇಕು, ಪುಟ ಮಗುಚದಂತೆ ಅದರ ಮೇಲೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ. ನನ್ನ ಹೆಂಡತಿ ಮಹಾದೇವಿ ಸುಲೇಪೇಟದವಳು. ಬಿಸಿ ರೊಟ್ಟಿ ಹಾಕಿ, “ಹ್ಯಾಂಗಾಗ್ಯಾದ್ರಿ?” ಎಂದು ಕೇಳುತ್ತಾಳೆ. ನಾನು ತಲೆ ಎತ್ತದೆ “ಹ್ಞೂಂ” ಎನ್ನುತ್ತೇನೆ. ಇಪ್ಪತ್ತು ವರ್ಷದ ಸಂಸಾರ ಹೀಗೆ ಚೆನ್ನಾಗಿಯೇ ನಡೆದಿತ್ತು.

ಹೋದ ತಿಂಗಳು ಓದುತ್ತಿದ್ದ ಕಾದಂಬರಿಯಲ್ಲಿ ಕಡಲ ಕಡೆಯ ಹೆಂಗಸೊಬ್ಬಳು ತೆಂಗಿನಕಾಯಿ ಅರೆದು ಮಣ್ಣಿನ ಗಡಿಗೆಯಲ್ಲಿ ಸಾರು ಕುದಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. “ಆಹಾಹಾ, ಏನ್ ರುಚಿ ಅದ!” ಎಂದುಬಿಟ್ಟೆ. ಮಹಾದೇವಿಯ ಮುಖ ಅರಳಿತು.

“ಪಲ್ಯ ಏನ್ರಿ?”

“ಅಲ್ಲ, ಮೀನಿನ ಸಾರು.”

“ಶಿವ ಶಿವಾ! ನಾ ಮಾಡಿದ್ದಕ್ಕ ಒಂದಿನ ಬಾಯಿ ಬಿಡ್ಲಿಲ್ಲ, ಯಾರ ಮನೀದೋ ಮೀನಿನ ಸಾರಿಗೆ ಆಹಾ ಅಂತೀರಲ್ಲ!”

ಮರುದಿನದಿಂದ ಆಕೆ ಕೇಳುವುದನ್ನೇ ಬಿಟ್ಟಳು. ರೊಟ್ಟಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮೆತ್ತಗೇ ಇರುತ್ತಿತ್ತು. ಹಾಕಿ ಒಳಗೆ ಹೋಗಿಬಿಡುವಳು. ಆ ಒಂದು ಪ್ರಶ್ನೆ ಇಲ್ಲದ ಊಟ ಗಂಟಲಲ್ಲಿ ಇಳಿಯದು ಎಂದು ನನಗೆ ಆಗಲೇ ಗೊತ್ತಾದದ್ದು. ನಿಜ ಹೇಳುತ್ತೇನೆ, ಭಾಳ ಕೆಟ್ಟೆನಿಸಿತು. ಕಾದಂಬರಿಯ ಮದುವೆ ಊಟಗಳೂ ಸಪ್ಪಗಾದವು.

ಕೊನೆಗೆ ಒಂದು ಭಾನುವಾರ ತಾಟಿನಲ್ಲಿ ಪುಂಡಿಸೊಪ್ಪಿನ ಪಲ್ಯ ಕಂಡಾಗ, ಪುಸ್ತಕ ಅತ್ತ ಸರಿಸಿ ಹಾಳೆ ತೆಗೆದುಕೊಂಡೆ. ಕಾದಂಬರಿಕಾರರಂತೆ ಇದನ್ನು ವರ್ಣಿಸಿಯೇ ಬಿಡುತ್ತೇನೆಂದು ಹೊರಟರೆ ಕೈಗೆ ಕಚೇರಿಯ ಚಟ. “ಸದರಿ ಪಲ್ಯವನ್ನು ಪರಿಶೀಲಿಸಲಾಗಿ, ಹುಳಿಯು ಸಮರ್ಪಕವಾಗಿರುವುದು ಕಂಡುಬಂದಿದೆ” ಎಂದು ಬರೆದಿದ್ದೆ. ಹರಿದೆ. ಇನ್ನೊಂದು ತುತ್ತು ತಿಂದು ಮತ್ತೆ ಬರೆದೆ. ಪುಂಡಿಯ ಹುಳಿ ದವಡೆಯ ಹಿಂದೆ ಹೋಗಿ ಚುರ್ ಎನ್ನುವುದು, ಅಷ್ಟರಲ್ಲಿ ತೊಗರಿಬೇಳೆ ಬಂದು ಸಮಾಧಾನ ಮಾಡುವುದು, ಒಗ್ಗರಣೆಯ ಬೆಳ್ಳುಳ್ಳಿ ಹಲ್ಲಿಗೆ ಸಿಕ್ಕಾಗ ಕಣ್ಣು ತಾನಾಗಿ ಮುಚ್ಚುವುದು, ಎಲ್ಲ ಬಂತು. ಮಹಾದೇವಿಯನ್ನು ಕರೆದು ಗಟ್ಟಿಯಾಗಿ ಓದಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳು ಬಂತೇನೋ ಎಂದುಕೊಂಡು ನಾನು ಇನ್ನಷ್ಟು ಉಬ್ಬಿದೆ.

“ಭಾಳ ಛಂದ ಬರ್ದೀರಿ. ಆದ್ರ ಈ ಪಲ್ಯ ಬಾಜು ಮನಿ ಶರಣಮ್ಮ ಕೊಟ್ಟಾಳ್ರಿ. ನಾ ಮಾಡಿದ ಬದನಿಕಾಯಿ ಆ ಕಡಿ ಅದ ನೋಡ್ರಿ. ನೀವು ಮುಟ್ಟೇ ಇಲ್ಲ!”

ಅಷ್ಟು ಹೇಳಿ ಗೋಡೆ ಹಿಡಿದುಕೊಂಡು ನಕ್ಕಳು. ತಿಂಗಳ ಮೇಲೆ ಬಂದ ಆ ನಗು ಕೇಳಿ ನನಗೂ ಜೀವ ಬಂತು. ನಾಚಿಕೊಂಡು ಬದನೆಕಾಯಿ ಮುರಿದು ಬಾಯಿಗಿಟ್ಟೆ. ಒಳಗಿನ ಎಳ್ಳು ಖಾರ ಎಲ್ಲ ಸರಿಯಾಗಿ ಕೂತಿತ್ತು. ಕಾದಂಬರಿಯಲ್ಲೂ ಇಂಥದ್ದು ತಿಂದಿರಲಿಲ್ಲ.

“ಖರೇನ ಮಸ್ತ್ ಆಗ್ಯಾದ, ಮಹಾದೇವಿ,” ಎಂದೆ.

“ಬಾಯಿಲೆ ಹೇಳಿದ್ರ ನಡ್ಯಂಗಿಲ್ರಿ. ಬರ್ದು ಕೊಡ್ರಿ.”

ಇಷ್ಟು ವರ್ಷ ಕಚೇರಿಯ ಕಿಟಕಿಯಾಚೆ ನಿಂತವರಿಗೆಲ್ಲ ನಾನು ಹೇಳುತ್ತ ಬಂದ ಮಾತು ಅದು. ಎಡಗೈಯಿಂದ ಹೊಸ ಹಾಳೆ ಎಳೆದುಕೊಂಡೆ. ಆಕೆ ಎದುರಿಗೇ ಕುಳಿತಳು, ಪೂರ್ತಿ ಬರೆಯುವವರೆಗೆ ಎರಡನೇ ರೊಟ್ಟಿ ಹಾಕಲಿಲ್ಲ.