ಇಂಜೆಕ್ಷನ್ ಕೊಡದ ಡಾಕ್ಟರಬಾಯಿ

ಕೊಲ್ಹಾಪುರದಾಗ ನಾನು ಎಂ.ಪಿ.ಎಚ್. ಓದಾಕತ್ತೇನಿ. ಅಂದ್ರ ಸಾರ್ವಜನಿಕ ಆರೋಗ್ಯ. ಒಬ್ಬೊಬ್ಬ ರೋಗಿಗೆ ಇಂಜೆಕ್ಷನ್ ಕೊಡೂದಲ್ಲ, ಇಡೀ ಊರಿಗೆ ರೋಗ ಬರದಂಗ ನೋಡ್ಕೊಳ್ಳೂದು. ಇಷ್ಟು ಸರಳ ಮಾತು ಮಂದಿಗೆ ತಿಳಿಸಾಕ ಹೋದಾಗೆಲ್ಲ ಏನರೆ ಒಂದು ಫಜೀತಿ ಆಗೇ ಆಗತೈತಿ. ಆಗಲಿಲ್ಲಂದ್ರ ಈಗೀಗ ನನಗ ಊಟ ರುಚಿಸಂಗಿಲ್ಲ.

ಎರಡರಾಗ ಯಾವುದು?

ಗಡಹಿಂಗ್ಲಜದ ನಮ್ಮ ಮನಿಗೆ ನನ್ನ ನೋಡಾಕ ಗಂಡಿನ ಕಡಿಯವರು ಬಂದಿದ್ರು. ಮದುವಿ ಆದಮ್ಯಾಲೆ ಓದು ಬಿಡಬೇಕಂತ ಮೊದಲ ಹೇಳಿ ಕಳಿಸಿದ್ರು. ಹಿಂಗಾಗಿ ನಾನು ಕಾದ ಹೆಂಚಾಗಿ ಕುಂತಿದ್ದೆ. ಹುಡುಗನ ಪರವಾಗಿ ಅವನ ಸೋದರಮಾವನ ಮಾತಾಡಿದ್ರು.

"ಏನ್ ಕಲ್ಯಾಕತ್ತೀ ತಂಗಿ?"

"ಸಾರ್ವಜನಿಕ ಆರೋಗ್ಯ ರೀ."

ಅವರು ಒಂದು ತುತ್ತು ಅವಲಕ್ಕಿ ಬಾಯಾಗ ಹಾಕ್ಕೊಂಡು, "ಸಾರ್ವಜನಿಕ ಗಣಪತಿ ಗೊತ್ತೈತಿ, ಸಾರ್ವಜನಿಕ ಸಂಡಾಸ ಗೊತ್ತೈತಿ. ಇದು ಎರಡರಾಗ ಯಾವುದಕ್ಕ ಹತ್ತಿರ?" ಅಂದ್ರು.

ಗಣಪತಿ ಅನ್ನು, ಗಣಪತಿ ಅನ್ನು ಅಂತ ಅಪ್ಪ ಕಣ್ಣಿಲೆ ಬೇಡ್ಕೊಳ್ಳಾಕತ್ತಿದ್ದ.

"ಸಂಡಾಸಕ್ಕ ರೀ ಮಾಮಾ. ಹೋದ ವಾರ ಪೂರಾ ಊರಾಗಿನ ಸಂಡಾಸ ತಪಾಸಣಿ ಮಾಡ್ಕೊಂತ ಅಡ್ಡಾಡೇನಿ. ಇನ್ನಷ್ಟು ಅವಲಕ್ಕಿ ಹಾಕ್ಲೇನ್ರಿ?"

ಮಾಮಾ ಪ್ಲೇಟು ಕೆಳಗಿಟ್ರು. ಸಂಬಂಧ ಅಲ್ಲೇ ಮುಗೀತು. ಉಳಿದ ಅವಲಕ್ಕಿನ ಅವ್ವ ಸಿಟ್ಟಿಲೆ ರಾತ್ರಿ ಊಟಕ್ಕೂ ನನಗ ಬಡಿಸಿದ್ಲು.

ಕೇಳದ ಕಿವಿ

ಇಚಲಕರಂಜಿ ಬಾಜೂಕ ಯಡ್ರಾವದಾಗ ಪವರ್‌ಲೂಮ್ ಕಾಮಗಾರರ ಕಿವಿ ತಪಾಸಣಿ ಇತ್ತು. ಮಗ್ಗದ ಸಪ್ಪಳಕ್ಕ ಕಿವಿ ಮಂದ ಆಗೂದು ಖರೇನ. ಒಂದು ಮನಿಯಾಗ ಮಗ್ಗದ ಕೆಲಸದವನ ಹೆಂಡತಿ ಅಳೂದೊಂದ ಬಾಕಿ.

"ಇವರಿಗೆ ಏನೂ ಕೇಳ್ಸಂಗಿಲ್ರಿ ಬಾಯಾರ. ನೀರು ತುಂಬ್ರಿ ಅಂದ್ರ ಕೇಳ್ಸಂಗಿಲ್ಲ, ಕಾಯಿಪಲ್ಲೆ ತರ್ರಿ ಅಂದ್ರ ಕೇಳ್ಸಂಗಿಲ್ಲ."

ಗಂಡ ಹೊರಗ ಕಟ್ಟಿ ಮ್ಯಾಲ ನಮಗ ಬೆನ್ನು ಮಾಡಿ ಕುಂತಿದ್ದ. ನಾನು ಗಂಟಲು ಹರಿಯೂವಂಗ ಕರದೆ. ಮನಿಷ್ಯಾ ಅಳ್ಳಾಡಲಿಲ್ಲ. ಮೊದಲು ಕನಿಕರ ಬಂತು, ಆಮ್ಯಾಲೆ ಯಾಕೋ ಸಂಶಯ ಬಂತು. ಹೆಂಡತಿ ಕಿವಿಯಾಗ ಪಿಸುಗುಟ್ಟಿದೆ: "ಸಂಜೀಗೆ ಅಡಿಗಿ ಏನ್ರಿ?"

ಆಕೀನೂ ಪಿಸುಗುಟ್ಟಿದ್ಲು: "ಮಟನ್ನಿನ ಬಿಳಿ ರಸ್ಸಾ."

ಹೊರಗಿಂದ ದನಿ ಬಂತು: "ಕೆಂಪು ರಸ್ಸಾನೂ ಮಾಡ!"

ಆಕಿ ಎದ್ದು ಹೋಗಿ ಖಾಲಿ ಕೊಡ ತಂದು ಅವನ ಮುಂದ ಕುಕ್ಕಿದ್ಲು. ಒಂದ ಮಾತು ಆಡಲಿಲ್ಲ. ಅದೂ ಅವನಿಗೆ ಸ್ವಚ್ಛ ಕೇಳ್ಸಿತು.

ಸ್ವಚ್ಛ ಆಹಾರದ ಶಿಬಿರ

ಇಚಲಕರಂಜಿಯ ಒಂದು ಸಭಾಗೃಹದಾಗ ನಮಗ ಸ್ವಚ್ಛ ಆಹಾರದ ಬಗ್ಗೆ ಶಿಬಿರ. ನಿಪ್ಪಾಣಿ ಕಡಿಯ ನಮ್ಮ ಸರ್ ಮುಂಜಾನೆ ಕಲಿಸಿದ್ರು: "ಊಟದಿಂದ ಊರಿಗೆ ಭೇದಿ ಹತ್ತಿದ್ರ ಜಡ್ಡು ಬಿದ್ದವರನ್ನಷ್ಟ ಕೇಳಬ್ಯಾಡ್ರಿ. ಆರಾಮ ಇದ್ದವರನ್ನ ಹುಡುಕ್ರಿ. ಜಡ್ಡಿನವರು ತಿಂದು ಅವರು ತಿನ್ನದ್ದು ಯಾವುದೋ, ಅದರಾಗ ಕಳ್ಳ ಸಿಗ್ತಾನ. ಹಿಂಗ ಆರಾಮ ಇದ್ದವರಿಗೆ ಕಂಟ್ರೋಲ್ ಗ್ರೂಪ್ ಅಂತಾರ."

ಅಷ್ಟರಾಗ ನಮ್ಮ ಕ್ಲಾಸಿನ ಒಬ್ಬಾಂವ ಹಿಂದಿನ ಬಾಗಿಲಿನಿಂದ ಜಾರಿದ. ಸರ್ ನೋಡಿಬಿಟ್ರು. "ಅವನ ಹಾಜರಿ ಕಡೀರಿ!"

ಮಧ್ಯಾಹ್ನ ಪುರಿ, ಭಾಜಿ, ಮ್ಯಾಲ ತಣ್ಣನ್ನ ಮಸಾಲಿ ಮಜ್ಜಿಗಿ. ಬಿಸಲು ಭಾಳ ಇತ್ತು, ಎಲ್ಲಾರೂ ಗ್ಲಾಸ್ ಮ್ಯಾಲ ಗ್ಲಾಸ್ ಏರಿಸಿದ್ವಿ. ಸಂಜೀ ಆಗೂದರಾಗ ಇಡೀ ಶಿಬಿರ ಸಂಡಾಸದ ಮುಂದ ಪಾಳಿ ಹಚ್ಚಿತ್ತು. ಒಳಗಿದ್ದವರು ನಮ್ಮ ಸರ್.

ಆದ್ರೂ ಮಾಸ್ತರಿಕಿ ಬಿಡಬೇಕಲ್ಲ. ಒಳಗಿಂದನ ಕೇಳಿದ್ರು: "ಯಾರ್ಯಾರು ಏನೇನು ತಿಂದೀರಿ?"

"ಎಲ್ಲಾರೂ ಎಲ್ಲಾನೂ ತಿಂದೇವ್ರಿ ಸರ್! ಜಲ್ದಿ ಬರ್ರಿ!"

"ಹಂಗಂದ್ರ ಹೆಂಗ? ಯಾವುದರಿಂದ ಆತಂತ ಏನೂ ಸಾಬೀತ ಆಗಂಗಿಲ್ಲ! ಆರಾಮ ಇದ್ದಾಂವ ಒಬ್ಬನೂ ಇಲ್ಲೇನು?"

ಆಗ ತಪ್ಪಿಸ್ಕೊಂಡಿದ್ದ ಹುಡುಗ ಬಾಯಿ ಒರಸ್ಕೊಂತ ಬಂದ. ರಸ್ತೆ ಬದಿ ಗಾಡಿ ಮುಂದ, ನೊಣಗಳ ನಡುವ ನಿಂತು ಖಾರದ ಮಿಸಳ-ಪಾವ್ ಹೊಡದು ಬಂದಿದ್ದ. ಮುಖ ಗುಲಾಬಿ ಹೂ.

"ಒಬ್ಬ ಅದಾನ್ರಿ ಸರ್! ಮುಂಜಾನೆ ಓಡಿ ಹೋಗಿದ್ದಾಂವ!"

ಬಾಗಿಲ ಹಿಂದಿಂದ ಸರ್ ಆನಂದದಿಂದ ಒದರಿದ್ರು:

"ಹಿಡೀರಿ ಅವನ್ನ, ಬಿಡಬ್ಯಾಡ್ರಿ! ಪೂರಾ ಹಾಜರಿ ಹಾಕ್ರಿ! ಅವನ ನಮ್ಮ ಕಂಟ್ರೋಲ್ ಗ್ರೂಪ್!"