ಅಕ್ಕ ಸಾಕಿದ ರೋಗ

ಜನ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ. ನನ್ನ ಅಕ್ಕ ರೋಗ ಸಾಕುತ್ತಿದ್ದಳು! ಅದೂ ಯಲಹಂಕದ ನಮ್ಮ ಎರಡು ಕೋಣೆಯ ಮನೆಯಲ್ಲಿ, ನನ್ನ ಊಟದ ಡಬ್ಬಿಗಳಲ್ಲಿ. ಬೆಳೆರೋಗದ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದವಳಿಗೆ ಬೇರೆ ಚಟ ಎಲ್ಲಿಂದ ಬರಬೇಕು?

ಮಾಕಳಿಯ ರೈತರೊಬ್ಬರು ಹೊಸದಾಗಿ ಚಿಯಾ ಹಾಕಿದ್ದರು, ಎಳ್ಳಿಗಿಂತ ಸಣ್ಣ ಬೀಜದ ಬೆಳೆ. ಎಲೆಗಳನ್ನು ಚೀಲದಲ್ಲಿ ತಂದರು. ಕಂದು ಚುಕ್ಕೆ, ಚುಕ್ಕೆಯ ಸುತ್ತ ಹಳದಿ ಬಳೆ. ಚೀಲದೊಳಗಿಂದ ಯಾರೋ ನೋಡುತ್ತಿರುವ ಹಾಗೆ.

"ಬಿಸ್ಲಿಗೆ ಇಂಗಾಗೈತೆ ಅಂತಾರೆ. ಬಿತ್ನೆಗೆ ಬೀಜ ಇಟ್ಕೊಳ್ಲಾ ಅಕ್ಕಾರೇ? ಪಕ್ಕದ ಒಲದೋರೂ ಕೇಳ್ತಾವ್ರೆ."

"ಶಿಲೀಂಧ್ರ ಆಗಿದ್ರೆ ಬೀಜದಲ್ಲೂ ಕೂತಿರತ್ತೆ. ಖಾತ್ರಿ ಮಾಡ್ಕೊಂಡು ಹೇಳ್ತೀನಿ, ಕಾಯ್ರಿ."

ಎಲೆಯನ್ನು ಒದ್ದೆ ಕಾಗದದ ಮೇಲಿಟ್ಟು ಡಬ್ಬಿ ಮುಚ್ಚಿದಳು. ನಾಲ್ಕನೇ ದಿನ ಚಟ್ನಿಪುಡಿ ಇರಬೇಕೆಂದು ತೆರೆದೆ. ಎಲೆಗೆ ಕಪ್ಪು ಕೂದಲು ಬೆಳೆದಿತ್ತು! ಕಿರುಚಿದೆ.

"ಮೆಲ್ಲಗೆ ಕಣೇ, ಈಗಷ್ಟೇ ಹುಟ್ಟಿದೆ!"

ಆ ಬೂಷ್ಟನ್ನು ನೀರಲ್ಲಿ ಕದಡಿ ಬೇರೆ ಕಡೆಯಿಂದ ತಂದು ಕುಂಡದಲ್ಲಿ ನೆಟ್ಟಿದ್ದ, ಆರೋಗ್ಯವಾಗಿದ್ದ ಒಂದು ಚಿಯಾ ಗಿಡಕ್ಕೆ ಸಿಂಪಡಿಸಿದಳು. ಇನ್ನೊಂದಕ್ಕೆ ಬರೀ ನೀರು. "ಎಂಟು ದಿನ ಆಗ್ಲಿ. ಮೊದಲ್ನೇದಕ್ಕೆ ಮಾತ್ರ ಚುಕ್ಕೆ ಬಂದ್ರೆ ಕಳ್ಳ ಸಿಕ್ಕ ಅಂತ." ಎರಡಕ್ಕೂ ಪ್ಲಾಸ್ಟಿಕ್ ಮುಸುಕು ಹಾಕಿ ಬಚ್ಚಲಲ್ಲಿಟ್ಟಳು. ಮುಸುಕಿಗೆ ಒಳಗಿನಿಂದ ಹಬೆ ಹತ್ತುತ್ತಿತ್ತು. ಕೈ ತೊಳೆಯಲು ಹೋದ ಎದುರುಮನೆಯಾಕೆ ಓಡಿಬಂದರು.

"ಒಳಗೆ ಯಾರೋ ಉಸಿರಾಡ್ತಿದಾರೆ ಕಣ್ರೀ!"

"ಹೋಗ್ಬನ್ನಿ, ಅವು ಆ ಕಡೆ ತಿರುಗ್ಕೊಂಡಿವೆ" ಎಂದಳು ಅಕ್ಕ.

ಸಿಂಪಡಿಸಿದ ಐದನೇ ದಿನ ಬೆಳಿಗ್ಗೆ ಅವಳು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು.

ಮನೆ ತುಂಬ ನೆಂಟರು. "ಆ ದರಿದ್ರ ಕುಂಡಗಳನ್ನ ಆಚೆಗೆ ಎಸೀರಿ" ಎಂದರು. ನಾನು ಬಚ್ಚಲಿಗೆ ಬೀಗ ಹಾಕಿದೆ. ಅಷ್ಟೂ ಜನರ ಸ್ನಾನ? ಎದುರುಮನೆಯಲ್ಲಿ!

ಎಂಟನೇ ದಿನ ಮುಸುಕು ತೆಗೆದೆ. ಬರೀ ನೀರಿನ ಗಿಡ ಹಸಿರಾಗಿ ನಿಂತಿತ್ತು. ಇನ್ನೊಂದರ ಎಲೆ ಎಲೆಗೂ ಕಂದು ಚುಕ್ಕೆ, ಹಳದಿ ಬಳೆ.

"ಅಕ್ಕಾ, ಬಂತು ಕಣೇ!" ಎಂದು ಕೂಗಿಬಿಟ್ಟೆ. ಹಜಾರದಲ್ಲಿದ್ದ ನೆಂಟರೆಲ್ಲ ಬಚ್ಚಲ ಬಾಗಿಲಿಗೆ ಬಂದು ಇಣುಕಿದರು.

ರೈತರಿಗೆ ಫೋನ್ ಮಾಡಿದೆ. ಅಕ್ಕನ ಸುದ್ದಿ ಅವರಿಗೆ ತಿಳಿದಿರಲಿಲ್ಲ.

"ಅದು ಶಿಲೀಂಧ್ರವೇ. ಆ ಬೀಜ ಬಿತ್ಬೇಡಿ, ಯಾರಿಗೂ ಕೊಡ್ಬೇಡಿ."

"ಅಕ್ಕಾರೇ ಅಂಗಂದ್ರಾ?"

ಚುಕ್ಕೆ ಬಿದ್ದ ಗಿಡದ ಕಡೆ ನೋಡಿದೆ.

"ಹೂಂ" ಎಂದೆ. "ಈಗ ತಾನೇ ಅಂದ್ಲು."